ಬಿಳಿ ಒಂದರ ಹಾಡು

ಶನಿವಾರ ಸಂಜೆ ನಮ್ಮ ಸಭೆಯ ಆರಾಧನಾ ಸಮಿತಿ ಸೇರುತ್ತದೆ. ಸಮಿತಿ ಎಂದರೆ ದೊಡ್ಡದೇನೂ ಇಲ್ಲ. ಸಭಾಪಾಲಕರು, ಹಾರ್ಮೋನಿಯಂ ಮಾಸ್ಟ್ರು, ಕೀಬೋರ್ಡಿನ ಹುಡುಗ, ಸ್ತ್ರೀಯರ ಅನ್ಯೋನ್ಯ ಕೂಟದ ಕಡೆಯಿಂದ ನಾನು, ಜೊತೆಗೆ ಚಾದ ಲೆಕ್ಕ ಬರೆಯುವ ಖಜಾಂಚಿ. ಮರುದಿನದ ಹಾಡುಗಳನ್ನು ಆರಿಸಿ, ಅವುಗಳ ಸಂಖ್ಯೆಯನ್ನು ಗೋಡೆಯ ಮರದ ಹಲಗೆಗೆ ಸಿಕ್ಕಿಸಿದರೆ ನಮ್ಮ ಕೆಲಸ ಮುಗಿಯಬೇಕು. ಹಾಡಿನ ಆಯ್ಕೆ ಹತ್ತು ನಿಮಿಷದ ಮಾತು. ಶ್ರುತಿಯ ವಿಷಯ ಬಂತೆಂದರೆ ಮಾತ್ರ ಚಾ ತಣಿದು ಹೋಗುತ್ತದೆ.

ನಾವು ಕರಾವಳಿಯವರು. ಕಪ್ಪು ಎರಡು, ಬಿಳಿ ನಾಲ್ಕು ಎಂದು ಶ್ರುತಿಯನ್ನು ಹೆಸರಿಸುವುದು ನಮಗೆ ಯಕ್ಷಗಾನದ ಭಾಗವತರಿಂದ ಬಂದ ರೂಢಿ. ಪುಸ್ತಕದಲ್ಲಿ ಅಚ್ಚಾದಂತೆ ಕೆಲವು ಹಾಡುಗಳನ್ನು ಕಪ್ಪು ಎರಡರಲ್ಲಿ ಹಿಡಿದರೆ ಮೊದಲೆರಡು ಸಾಲು ಚೆನ್ನಾಗಿಯೇ ಹೋಗುತ್ತವೆ. ಮೂರನೆಯ ಸಾಲಿನಲ್ಲಿ ಧಾಟಿ ಮೇಲಿನ ಷಡ್ಜವನ್ನು ಮುಟ್ಟುತ್ತದೆ. ಆಗ ಬೆಂಚುಗಳ ಕಡೆ ನೋಡಬೇಕು. ಅಜ್ಜಿಯಂದಿರು ತುಟಿ ಮಾತ್ರ ಆಡಿಸುತ್ತಾರೆ. ಕೆಳಗಿನ ಸ್ಥಾಯಿಯಲ್ಲಿ ಗುಂಯ್‌ಗುಡುತ್ತಿದ್ದ ಗಂಡಸರು ಕೆಮ್ಮುವ ನೆಪ ಮಾಡುತ್ತಾರೆ. ಹೊಸದಾಗಿ ಬಂದವರಂತೂ ಪುಸ್ತಕದಲ್ಲಿ ಏನೋ ಕಳೆದುಹೋದಂತೆ ತಲೆ ತಗ್ಗಿಸುತ್ತಾರೆ. ನಾಲ್ಕನೆಯ ಸಾಲು ಕೆಳಗಿಳಿದ ಮೇಲೆ ಎಲ್ಲರೂ ಒಬ್ಬೊಬ್ಬರಾಗಿ ಮರಳಿ ಬರುತ್ತಾರೆ. ನಡುವಿನ ಆ ಒಂದು ಸಾಲನ್ನು ಕ್ವಾಯರಿನ ಏಳೆಂಟು ಹುಡುಗಿಯರು ಹಾಡುತ್ತಾರೆ, ಉಳಿದವರು ಕೇಳುತ್ತಾರೆ.

ಇದರಲ್ಲಿ ಯಾರದೂ ತಪ್ಪಿಲ್ಲ. ಆ ಪುಸ್ತಕಗಳನ್ನು ನಾಲ್ಕು ಭಾಗದಲ್ಲಿ ಹಾಡುವವರಿಗಾಗಿ ಜೋಡಿಸಿದ್ದಾರೆ. ಮೇಲಿನ ಭಾಗ ಎತ್ತರದ ಕಂಠಕ್ಕೆ, ಕೆಳಗಿನ ಮೂರು ಉಳಿದವರಿಗೆ. ನಮ್ಮಲ್ಲಿ ಅಜ್ಜನಿಂದ ಮೊಮ್ಮಗನವರೆಗೆ ಎಲ್ಲರೂ ಮೇಲಿನ ಧಾಟಿಯನ್ನೇ ಹಿಡಿಯುತ್ತಾರೆ, ಕಷ್ಟ ಇರುವುದು ಅಲ್ಲಿ. ಹಾಗಾಗಿ ಬಿಳಿ ಒಂದಕ್ಕೆ ಇಳಿಸೋಣ ಎಂದು ನಾನು ಸಮಿತಿಯಲ್ಲಿ ಹೇಳಿದೆ.

"ಇಳಿಸಿದರೆ ಹಾಡಿನ ಕಳೆ ಹೋಗ್ತದೆ ಅಕ್ಕಾ," ಎಂದ ಕೀಬೋರ್ಡಿನ ಹುಡುಗ.

"ಹೋಗಲಿ ಮಾರಾಯ. ಕಳೆ ಯಾರಿಗೆ ಬೇಕು? ಅಜ್ಜಿಯಂದಿರ ಬಾಯಿ ತೆರೆಯಲಿ."

ಅವನಿಗೆ ಇದು ಗುಂಡಿ ಒತ್ತುವ ಕೆಲಸ. ಮೂರು ಮೆಟ್ಟಿಲು ಕೆಳಗೆ ಎಂದು ಗುಂಡಿ ಒತ್ತಿದರೆ ಬೆರಳು ಕಪ್ಪು ಎರಡರಲ್ಲೇ ಆಡುತ್ತದೆ, ಸ್ವರ ಬಿಳಿ ಒಂದರಿಂದ ಬರುತ್ತದೆ. ಮಾಸ್ಟ್ರಿಗೆ ಹಾಗಲ್ಲ. ಅವರು ಪ್ರಾಯದಿಂದ ಕಪ್ಪು ಮನೆಗಳ ಮೇಲೆ ಬೆರಳು ಹೊರಳಿಸಿ ಕಲಿತವರು. ಎಲ್ಲವನ್ನೂ ಮತ್ತೆ ಕೂಡಿಸಿಕೊಳ್ಳಬೇಕಾಯಿತು. ಗೊಣಗಿದರು, ಕಲಿತರು.

ಆರಾಧನೆಯಲ್ಲಿ ಎಲ್ಲರನ್ನೂ ಒಳಗೊಳ್ಳುವುದು ಹೇಗೆಂದು ಈಗ ಕಮ್ಮಟಗಳು ನಡೆಯುತ್ತವೆ, ಭಾಷಣಗಳಾಗುತ್ತವೆ. ನನಗೆ ಕಂಡಂತೆ ಅದು ಶುರುವಾಗುವುದು ಇಂಥಲ್ಲಿ. ಬಾಗಿಲಲ್ಲಿ ನಿಂತು ಎಷ್ಟೇ ನಗುನಗುತ್ತ ಬರಮಾಡಿಕೊಳ್ಳಿ, ಒಳಗೆ ಹಾಡು ಅವರ ಗಂಟಲಿಗೆ ಎಟುಕದಿದ್ದರೆ ಬಂದವರು ಪ್ರೇಕ್ಷಕರಾಗಿಯೇ ಉಳಿಯುತ್ತಾರೆ.

ಹಾಡು ಮತ್ತು ಊಟ, ಈ ಎರಡರ ಜೊತೆ ಬಹಳ ಹಳೆಯದು. ಕ್ರಿ.ಶ. 112ರ ಸುಮಾರಿಗೆ ಬಿಥೂನ್ಯ ಪ್ರಾಂತದ ರೋಮನ್ ಅಧಿಕಾರಿ ಪ್ಲಿನಿ ಚಕ್ರವರ್ತಿ ಟ್ರಾಜನನಿಗೆ ಕಾಗದ ಬರೆದು, ಈ ಕ್ರೈಸ್ತರನ್ನು ಏನು ಮಾಡಲಿ ಎಂದು ಕೇಳಿದ. ಅವನ ವಿಚಾರಣೆಯಲ್ಲಿ ಸಿಕ್ಕ ಸಂಗತಿ ಇಷ್ಟು: ಗೊತ್ತಾದ ದಿನ ಬೆಳಕು ಹರಿಯುವ ಮುಂಚೆ ಸೇರುತ್ತಾರೆ, ಕ್ರಿಸ್ತನನ್ನು ದೇವರೆಂದು ಸರದಿಯಲ್ಲಿ ಹಾಡುತ್ತಾರೆ, ಆಮೇಲೆ ಮತ್ತೆ ಕೂಡಿ ಊಟ ಮಾಡುತ್ತಾರೆ, ಊಟವೂ ಸಾಧಾರಣದ್ದೇ. ಪತ್ತೇದಾರಿಕೆ ಮಾಡಿ ಹುಡುಕಿದ ಅಧಿಕಾರಿಗೆ ಕಂಡದ್ದು ನಮ್ಮ ಸಮಿತಿಯ ಕಾರ್ಯಸೂಚಿಯೇ ಎಂದು ನನಗೆ ಆಗಾಗ ನಗು ಬರುತ್ತದೆ.

ಮುಂದೆ ಶತಮಾನಗಳು ಕಳೆದಂತೆ ಪಶ್ಚಿಮದ ಚರ್ಚುಗಳಲ್ಲಿ ಹಾಡು ಪಾದ್ರಿಗಳ, ತರಬೇತಾದ ಗಾಯಕರ ಸೊತ್ತಾಯಿತು, ಭಾಷೆ ಲ್ಯಾಟಿನ್. ಲೂಥರ್ ಅದನ್ನು ಜನರ ಬಾಯಿಗೆ ಮರಳಿಸಲು ಹೊರಟ. 1524ರಲ್ಲಿ ನ್ಯೂರೆಂಬರ್ಗಿನಲ್ಲಿ ಅಚ್ಚಾದ ಪುಟ್ಟ ಪುಸ್ತಕದಲ್ಲಿ ಇದ್ದದ್ದು ಎಂಟೇ ಹಾಡು, ಅವುಗಳಲ್ಲಿ ನಾಲ್ಕು ಅವನವೇ, ಜರ್ಮನ್ನಿನಲ್ಲಿ. ಆ ಪರಂಪರೆಯ ಹಾಡುಗಳು ಹಡಗು ಹತ್ತಿ ನಮ್ಮಲ್ಲಿಗೆ ಬಂದವು. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದರು. ಮಾತು ಕನ್ನಡವಾಯಿತು, ತುಳುವೂ ಆಯಿತು. ಧಾಟಿ ಮಾತ್ರ ಜರ್ಮನಿಯದೇ ಉಳಿಯಿತು.

ಚೋದ್ಯ ಇರುವುದು ಇಲ್ಲಿ. ಅದೇ ಮಿಷನ್ನಿನ ಮೋಗ್ಲಿಂಗ್ 1850ರಲ್ಲಿ ದಾಸರ ಪದಗಳನ್ನು ಕೂಡಿಸಿ ಮಂಗಳೂರಿನಲ್ಲೇ ಅಚ್ಚು ಹಾಕಿಸಿದ. ವಾರವೆಲ್ಲ ದಾಸರ ಪದ ಅಚ್ಚು ಹಾಕಿದ ಕೈಗಳು ಆದಿತ್ಯವಾರ ಜರ್ಮನ್ ಧಾಟಿಗೆ ಪುಸ್ತಕ ಹಿಡಿದಿದ್ದರೆ ಆಶ್ಚರ್ಯವಿಲ್ಲ. ಈ ಬಿರುಕನ್ನು ಕಿಟ್ಟೆಲ್ ಕಂಡಿದ್ದ. 1862ರ 'ಕಥಾಮಾಲೆ'ಯಲ್ಲಿ ಅವನು ಕ್ರಿಸ್ತನ ಬದುಕನ್ನು ಇಲ್ಲಿಯ ಹಾಡುಗಟ್ಟಿಗೆ ಹೊಂದಿಸಿ ಹೇಳಿದ. ಮುಂದೆ 1875ರಲ್ಲಿ ನಾಗವರ್ಮನ 'ಛಂದೋಂಬುಧಿ'ಯನ್ನು ಸಂಪಾದಿಸಿದ ಮನುಷ್ಯ ಅವನು, ಕನ್ನಡದ ಕಿವಿ ಎಲ್ಲಿ ಅರಳುತ್ತದೆಂದು ಬಲ್ಲವನು. ಇವತ್ತು ನಮ್ಮ ಕೈಯ ಪುಸ್ತಕದಲ್ಲಿ ಎರಡೂ ಬಗೆಯ ಹಾಡುಗಳಿವೆ. ಜರ್ಮನ್ ಧಾಟಿಯವನ್ನು ಕಿತ್ತು ಬಿಸಾಡಬೇಕೆಂದು ವಾದಿಸುವವರ ಜೊತೆ ನಾನಿಲ್ಲ. ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ ದುಡಿದ ನನ್ನ ಅಜ್ಜ ಸಾಯುವ ಕಾಲಕ್ಕೆ ಗುನುಗಿದ್ದು ಅದನ್ನೇ. ನೂರೈವತ್ತು ವರ್ಷ ಹಾಡಿದ ಮೇಲೆ ಅದು ಯಾರ ಮನೆಯದೆಂದು ಕೇಳುವುದು ತಡವಾಯಿತು.

ಹಾರ್ಮೋನಿಯಂನ ಕತೆ ಇನ್ನೂ ತಿರುವುಮುರುವು. ಪ್ಯಾರಿಸ್ಸಿನ ದೆಬೆಂ ಎಂಬವನು 1842ರಲ್ಲಿ ಪೇಟೆಂಟ್ ಪಡೆದ ವಾದ್ಯ ಕಾಲಿನಿಂದ ತಿದಿ ಒತ್ತುವಂಥದ್ದು, ಮೇಜಿನಷ್ಟು ಎತ್ತರದ್ದು. ದೊಡ್ಡ ಪೈಪ್ ಆರ್ಗನ್ ಕೊಳ್ಳಲಾಗದ ಬಡ ಚರ್ಚುಗಳಿಗೆ ವರವಾಯಿತು, ಕೆಲವರಿಗೆ ಶಾಪವೂ ಆಯಿತು. ಇಂಗ್ಲೆಂಡಿನ ಹಳ್ಳಿ ಚರ್ಚುಗಳ ಅಟ್ಟದಲ್ಲಿ ಪಿಟೀಲು, ಕ್ಲಾರಿನೆಟ್ ನುಡಿಸುತ್ತಿದ್ದ ಊರವರ ಮೇಳಗಳು ಆರ್ಗನ್, ಹಾರ್ಮೋನಿಯಂ ಬಂದ ಮೇಲೆ ಕೆಳಗಿಳಿದವು. ಥಾಮಸ್ ಹಾರ್ಡಿ 1872ರ 'ಅಂಡರ್ ದಿ ಗ್ರೀನ್‌ವುಡ್ ಟ್ರೀ' ಕಾದಂಬರಿಯಲ್ಲಿ ಅಂಥ ಒಂದು ಮೇಳದ ವಿದಾಯವನ್ನೇ ಬರೆದಿದ್ದಾನೆ. ಅಲ್ಲಿ ಊರವರನ್ನು ಸುಮ್ಮನಾಗಿಸಿದ ವಾದ್ಯ ಇಲ್ಲಿಗೆ ಬಂದು ಊರವರದೇ ಆಯಿತು. ಕಲ್ಕತ್ತೆಯ ದ್ವಾರಕಾನಾಥ ಘೋಷ್ ಅದನ್ನು ಕುಗ್ಗಿಸಿ, ಎಡಗೈಯಿಂದ ತಿದಿ ಆಡಿಸುವಂತೆ ಮಾಡಿ, ಚಾಪೆಯ ಮೇಲೆ ಕೂರಿಸಿದರು. ಗಮಕ ಬಾರದ ಪೆಟ್ಟಿಗೆ ಎಂದು ಆಕಾಶವಾಣಿ 1940ರಿಂದ 1971ರವರೆಗೆ ಅದಕ್ಕೆ ಬಾಗಿಲು ಹಾಕಿತ್ತು. ಪಂಡಿತರ ದೂರು ಸುಳ್ಳೇನಲ್ಲ. ಆದರೆ ಆ ವರ್ಷಗಳಲ್ಲೂ ನಾಟಕ ಕಂಪನಿ, ಭಜನಾ ಮಂದಿರ, ನಮ್ಮ ಮನೆಪ್ರಾರ್ಥನೆ, ಎಲ್ಲ ಕಡೆ ಅದು ಹಾಯಾಗಿ ಉಸಿರಾಡಿಕೊಂಡಿತ್ತು.

ನಮ್ಮ ಮಾಸ್ಟ್ರ ಪೆಟ್ಟಿಗೆ ಕೆಟ್ಟರೆ ಹೋಗುವುದು ಯಕ್ಷಗಾನ ಮೇಳದ ಪೆಟ್ಟಿಗೆಗಳನ್ನು ರಿಪೇರಿ ಮಾಡುವವರ ಅಂಗಡಿಗೆ. ಮಳೆಗಾಲದಲ್ಲಿ ರೀಡಿಗೆ ತೇವ ಹಿಡಿದು ಒಂದು ಸ್ವರ ಕೂತುಬಿಡುತ್ತದೆ. ಒಂದು ತೆಳು ಬ್ಲೇಡಿನಿಂದ ಆ ಹಿತ್ತಾಳೆಯ ನಾಲಗೆಯನ್ನು ಎಬ್ಬಿಸಿ, ಮೆಲ್ಲ ಕೆರೆದು, ಬಾಯಿಂದ ಊದಿ ನೋಡುತ್ತಾರೆ. ಮನೆಪ್ರಾರ್ಥನೆಗೆ ನೆರೆಮನೆಯವರು ಬಂದು ಅಂಜದೆ ಚಾಪೆಯ ಮೇಲೆ ಕೂರುವುದಕ್ಕೆ ಅರ್ಧ ಕಾರಣ ಈ ಪೆಟ್ಟಿಗೆ. ಅದರ ದನಿ ಅವರಿಗೆ ಮೊದಲೇ ಗೊತ್ತು.

ಪರದೆಯ ಮೇಲೆ ಹಾಡಿನ ಮಾತು ಬೀಳಿಸುವ ಪ್ರೊಜೆಕ್ಟರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕನ್ನಡಕ ಮರೆತವರಿಗೆ ಉಪಕಾರ. ಪದದ ನಟ್ಟನಡುವೆ ಸಾಲು ಮುರಿದು ತೋರಿಸುವವನನ್ನು ಮಾತ್ರ ಕ್ಷಮಿಸಬಾರದು.

ಬೆಂಚಿನ ವಿಷಯಕ್ಕೆ ಬರುತ್ತೇನೆ. ಯಾಕೋಬನ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲೇ ಇದೆ ತಕರಾರು: ಚಿನ್ನದುಂಗುರ ಹಾಕಿ ಬಂದವನಿಗೆ ಒಳ್ಳೆಯ ಆಸನ, ಕೊಳಕು ಬಟ್ಟೆಯವನಿಗೆ ಕಾಲ ಬುಡ. ಪಶ್ಚಿಮದಲ್ಲಿ ಹತ್ತೊಂಬತ್ತನೆಯ ಶತಮಾನದವರೆಗೂ ಎಷ್ಟೋ ಚರ್ಚುಗಳ ಬೆಂಚಿಗೆ ಬಾಡಿಗೆ ಇತ್ತು. ನಮ್ಮಲ್ಲಿ ಬಾಡಿಗೆ ಇಲ್ಲ, ಆದರೆ ಇಂಥ ಬೆಂಚು ಇಂಥ ಮನೆಯವರದೆಂದು ಎಲ್ಲರಿಗೂ ಗೊತ್ತು. ಇದು ನನಗೆ ಸರಿಬೀಳದ ಸಂಗತಿ. ಕ್ರೈಸ್ತರಾದ ಕಾರಣಕ್ಕೆ ಮನೆ, ಜಾತಿ, ಕಸುಬು ಎಲ್ಲ ಬಿಟ್ಟು ಬಂದವರಿಗೆ ಮಿಷನ್ ನೇಯ್ಗೆ ಮಗ್ಗ ಹಾಕಿಕೊಟ್ಟಿತು, 1865ರಲ್ಲಿ ಹಂಚಿನ ಕಾರ್ಖಾನೆ ತೆರೆಯಿತು. ಕೂರಲು ಜಾಗವಿಲ್ಲದವರಿಂದ ಕಟ್ಟಿದ ಸಭೆಗೆ ಕಾದಿಟ್ಟ ಬೆಂಚು ಯಾತಕ್ಕೆ?

ಇನ್ನೊಂದು ಚಾಳಿ: ಬೇಗ ಬಂದವರು ಬೆಂಚಿನ ತುದಿ ಹಿಡಿದು ಕೂರುವುದು. ತಡವಾಗಿ ಬಂದ ಹೊಸಬರು ಆರು ಮೊಣಕಾಲು ದಾಟಿ ಒಳಗೆ ಹೋಗಬೇಕು, ಇಲ್ಲವೇ ಬಾಗಿಲಲ್ಲೇ ನಿಲ್ಲಬೇಕು. ಈಗ ನಮ್ಮ ಖಜಾಂಚಿಯವರು ಬಸ್ ಕಂಡಕ್ಟರರ ಹಾಗೆ ನಡುವಿನ ಓಣಿಯಲ್ಲಿ ಓಡಾಡಿ "ಒಳಗೆ ಸರೀರಿ, ಒಳಗೆ ಸರೀರಿ" ಎನ್ನುತ್ತಾರೆ. ಟಿಕೆಟ್ ಕೊಡುವುದಿಲ್ಲ, ಅಷ್ಟೇ. ಗಾಲಿಕುರ್ಚಿಯಲ್ಲಿ ಬರುವ ಒಬ್ಬ ಅಣ್ಣನನ್ನು ಮೊದಲೆಲ್ಲ ಹಿಂದಿನ ಗೋಡೆಗೆ ಒತ್ತಿ ನಿಲ್ಲಿಸುತ್ತಿದ್ದರು. ಆಮೇಲೆ ಬಡಗಿಯನ್ನು ಕರೆಸಿ ನಡುವಿನ ಒಂದು ಬೆಂಚನ್ನು ಕಾಲುಭಾಗ ಕೊಯ್ಯಿಸಿದೆವು. ಹಳೆಯ ಸಾಗುವಾನಿ, ಕೊಯ್ಯುವಾಗ ಇಬ್ಬರು ಹಿರಿಯರು ಹೊರಗೆ ಹೋಗಿ ನಿಂತರು. ಈಗ ಆ ಅಣ್ಣ ಹೆಂಡತಿಯ ಪಕ್ಕದಲ್ಲೇ ಇರುತ್ತಾನೆ, ಇಬ್ಬರಿಗೂ ಒಂದೇ ಪುಸ್ತಕ.

ನಮ್ಮ ದಕ್ಷಿಣ ಭಾರತ ಸಭೆ 1947ರ ಸೆಪ್ಟೆಂಬರ್ 27ರಂದು ಮದರಾಸಿನಲ್ಲಿ ಹುಟ್ಟಿತು. ಆಂಗ್ಲಿಕನ್, ಮೆಥಡಿಸ್ಟ್ ಎಂದು ಬೇರೆ ಬೇರೆಯಾಗಿದ್ದವರು ಒಂದಾದದ್ದು ಅಲ್ಲಿ. ಮೂರು ವರ್ಷದ ಮೇಲೆ ಬಂದ ಅದರ ಕರ್ತನ ಭೋಜನದ ಆರಾಧನಾ ಕ್ರಮದಲ್ಲಿ 'ಸಮಾಧಾನ' ಹಂಚುವ ಪದ್ಧತಿ ಸೇರಿತು. ಕೇರಳದ ಸುರಿಯಾನಿ ಸಭೆಗಳಲ್ಲಿ ಉಳಿದು ಬಂದ ರೂಢಿ ಅದು. ಪಕ್ಕದವರ ಬಲಗೈಗೆ ನಮ್ಮ ಬಲಗೈ, ಅದರ ಮೇಲೆ ಇಬ್ಬರ ಎಡಗೈ. ಆಮೇಲೆ ಪಶ್ಚಿಮದ ಸಭೆಗಳೂ ಇದನ್ನು ಕಂಡು ತಮ್ಮ ಕ್ರಮಕ್ಕೆ ಸೇರಿಸಿಕೊಂಡವು. ಮೇಜಿನಿಂದ ಹೊರಟ ಸಮಾಧಾನ ಕೈಯಿಂದ ಕೈಗೆ ಕೊನೆಯ ಬೆಂಚಿಗೆ ಮುಟ್ಟಬೇಕು. ಗುರುತಿಲ್ಲದವರ ಕೈ ಹಿಡಿಯದೆ ಅದು ಮುಂದೆ ಹೋಗುವುದೇ ಇಲ್ಲ. ಕೊರೋನಾ ಬಂದು ಕೈ ಜೋಡಿಸುವುದಕ್ಕೆ ಇಳಿದೆವು, ಕೆಲವರು ಅಲ್ಲಿಂದ ಇನ್ನೂ ಹಿಂತಿರುಗಿಲ್ಲ. ಬಲವಂತ ಮಾಡುವ ಹಾಗಿಲ್ಲ.

ಚಾದ ಮೇಜನ್ನು ಮೊದಲು ಹಿಂದಿನ ಹಾಲಿನಲ್ಲಿ ಇಡುತ್ತಿದ್ದರು. ಅಲ್ಲಿಗೆ ಹೋಗುವವರು ಒಬ್ಬರಿಗೊಬ್ಬರು ಗೊತ್ತಿದ್ದವರೇ. ಹೊಸಬರು ಚಪ್ಪಲಿ ಮೆಟ್ಟಿ ನೇರ ಗೇಟಿಗೆ. ಈಗ ಮೇಜು ಚಪ್ಪಲಿ ಬಿಡುವ ಜಾಗದ ಪಕ್ಕದಲ್ಲೇ, ಹಲಸಿನ ಮರದಡಿ. ತಪ್ಪಿಸಿಕೊಂಡು ಹೋಗುವುದು ಕಷ್ಟ. ಬನ್ಸ್ ಇದ್ದ ದಿನ ಯಾರೂ ತಪ್ಪಿಸಿಕೊಳ್ಳಲು ನೋಡುವುದೂ ಇಲ್ಲ.

ಆ ಮರದಡಿಯಲ್ಲೇ ಮಿಜೋರಾಂನ ಹುಡುಗಿಯರ ಪರಿಚಯವಾಯಿತು. ನರ್ಸಿಂಗ್ ಓದಲು ಬಂದವರು, ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದರು. ಕನ್ನಡ ಹಾಡಿಗೆ ಎದ್ದು ನಿಲ್ಲುತ್ತಿದ್ದರು, ಬಾಯಿ ಬಿಡುತ್ತಿರಲಿಲ್ಲ. ಒಮ್ಮೆ ಅವರಲ್ಲಿ ಒಬ್ಬಳು ಚಾ ಲೋಟ ಹಿಡಿದುಕೊಂಡೇ ಮಾಸ್ಟ್ರ ನೋಟುಬುಕ್ಕಿಗೆ ಇಣುಕಿ ನೋಡಿದಳು. ಅದರಲ್ಲಿ ಟಾನಿಕ್ ಸೋಲ್ಫಾದ ಅಕ್ಷರಗಳು. ನಾರ್ವಿಚ್ಚಿನ ಸಾರಾ ಗ್ಲೋವರ್ ಎಂಬ ಶಿಕ್ಷಕಿ ಮಕ್ಕಳಿಗಾಗಿ ರೂಪಿಸಿ, ಜಾನ್ ಕರ್ವೆನ್ ಊರೂರಿಗೆ ಹರಡಿದ ಲಿಪಿ ಅದು. ನಮ್ಮ ಸರಿಗಮಕ್ಕೆ ದೂರದ ನೆಂಟ. ವೇಲ್ಸಿನ ಮಿಷನರಿಗಳಿಂದ ಅದನ್ನು ಕಲಿತ ಮಿಜೋಗಳು ಇವತ್ತಿಗೂ ತಮ್ಮ 'ಕ್ರಿಸ್ತಿಯನ್ ಹ್ಲಾ ಬು'ವನ್ನು ಅದರಲ್ಲೇ ಓದಿ ಹಾಡುತ್ತಾರೆ. ಹುಡುಗಿ ಆ ಸಾಲನ್ನು ಬೆರಳಿಟ್ಟು ಮೆಲ್ಲಗೆ ಹಾಡಿಯೇಬಿಟ್ಟಳು. ಮಾಸ್ಟ್ರು ಬನ್ಸ್ ಕೆಳಗಿಟ್ಟರು.

ಮುಂದಿನ ವಾರದೊಳಗೆ ಕನ್ನಡದ ಮಾತನ್ನು ರೋಮನ್ ಅಕ್ಷರದಲ್ಲಿ ಬರೆದು, ಕೆಳಗೆ ಸೋಲ್ಫಾ ಹಾಕಿ, ಜೆರಾಕ್ಸ್ ಮಾಡಿಸಿದೆವು. ಅವರ 'ಳ' ಎಲ್ಲ 'ಲ' ಆಗುತ್ತಿತ್ತು. ಆದರೆ ನಮ್ಮ ಕ್ವಾಯರು ಕೈಬಿಟ್ಟಿದ್ದ ಆಲ್ಟೋ, ಟೆನರ್ ಭಾಗಗಳು ಕೊನೆಯ ಬೆಂಚಿನಿಂದ ಎದ್ದು ಬಂದವು. ಎಲ್ಲರೂ ತಿರುಗಿ ನೋಡಿದರು. "ಇವರು ನಮ್ಮ ಹಾಡನ್ನು ನಮಗಿಂತ ಸಮ ಹಾಡ್ತಾರಲ್ಲ," ಎಂದು ಮಾಸ್ಟ್ರು ಸಮಿತಿಯಲ್ಲಿ ದೂರಿನಂತೆ ಹೇಳಿದರು. ಅದು ದೂರಲ್ಲವೆಂದು ಎಲ್ಲರಿಗೂ ಗೊತ್ತು.

ಹಾಗಾದರೆ ಕ್ರಿಸ್ಮಸ್ಸಿಗೆ ಅವರ ಒಂದು ಹಾಡನ್ನು ನಾವು ಕಲಿಯಬೇಡವೇ ಎಂದು ಸಭಾಪಾಲಕರು ಕೇಳಿದರು. ಮಿಜೋ ಮಾತನ್ನು ಕನ್ನಡ ಲಿಪಿಯಲ್ಲಿ ಬರೆಯುವ ಪಾಡು ನನ್ನ ಪಾಲಿಗೆ ಬಂತು, ಒಂದೊಂದು ಸ್ವರಕ್ಕೆ ನಮ್ಮ ಕಾಗುಣಿತವೇ ಸಾಲದು. ಅನ್ಯೋನ್ಯ ಕೂಟದ ಹೆಂಗಸರು ಅಭ್ಯಾಸಕ್ಕೆ ಕೂತರು. ಎರಡನೆಯ ಸಾಲಿಗೇ ನಮ್ಮ ದೊಡ್ಡಮ್ಮ ಪುಸ್ತಕ ಮುಚ್ಚಿ, "ಇದು ಏರ್ತದೆ ಮಗಾ, ನಮ್ಮ ಗಂಟಲಿಗೆ ಆಗುವುದಿಲ್ಲ, ಇಳಿಸು," ಎಂದರು.

"ನಮ್ಮ ಊರಲ್ಲಿ ಇನ್ನೂ ಮೇಲೆ ಹಾಡ್ತೇವೆ," ಎಂದಳು ಹುಡುಗಿ, ಹಾಸ್ಟೆಲಿನಲ್ಲಿ ಕಲಿತ ಕನ್ನಡದಲ್ಲಿ.

ದೊಡ್ಡಮ್ಮ ಬಿಡಲಿಲ್ಲ. "ನಿಮ್ಮ ಊರಲ್ಲಿ ಗುಡ್ಡೆ ಉಂಟು ಮಗಾ. ನಮ್ಮದು ಸಮುದ್ರದ ಬುಡ."