ಅರವತ್ತನಾಲ್ಕು ಮನೆಗಳ ಲೆಕ್ಕ

ಅಲ್ಲಾಹನು ಪ್ರತಿಯೊಂದನ್ನೂ ನಿಶ್ಚಿತ ಅಳತೆಯೊಂದಿಗೆ ಸೃಷ್ಟಿಸಿರುವನೆಂದು ನಾವು ವಿಶ್ವಾಸವಿಡುತ್ತೇವೆ. ಸಂಖ್ಯೆಗಳೂ ಆ ಅಳತೆಯ ಕುರುಹುಗಳೇ. ಅಂತಹ ಒಂದು ಸಂಖ್ಯೆಯ ಬಗ್ಗೆ ಇಂದು ಚಿಂತಿಸೋಣ: 1,84,46,74,40,73,70,95,51,615.

ಇದು ಚದುರಂಗದ ಹಾಸಿನ ಲೆಕ್ಕ. ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಇಮ್ಮಡಿಸುತ್ತಾ ಹೋದರೆ 64 ಮನೆಗಳ ಒಟ್ಟು ಮೊತ್ತ ಇಷ್ಟಾಗುತ್ತದೆ. ಇತಿಹಾಸಕಾರ ಇಬ್ನ್ ಖಲ್ಲಿಕಾನ್ ಈ ಕಥೆಯನ್ನು ದಾಖಲಿಸಿದ್ದಾರೆ. ಅವರಿಗಿಂತ ಎರಡು ಶತಮಾನಗಳಿಗೂ ಮೊದಲೇ, ಸುಮಾರು 1000ನೇ ಇಸವಿಯಲ್ಲಿ, ಮಹಾವಿದ್ವಾಂಸ ಅಲ್ ಬೀರೂನಿ ಈ ಮೊತ್ತವನ್ನು ತಮ್ಮ ಗ್ರಂಥದಲ್ಲಿ ಲೆಕ್ಕಹಾಕಿ ತೋರಿಸಿದ್ದರು. 2ನ್ನು ವರ್ಗ ಮಾಡಿದರೆ 4, ಅದರ ವರ್ಗ 16, ಮುಂದೆ 256, 65,536, 4,29,49,67,296. ಇನ್ನೊಮ್ಮೆ ವರ್ಗ ಮಾಡಿ ಒಂದನ್ನು ಕಳೆದರೆ ನಮ್ಮ ಸಂಖ್ಯೆ ದೊರೆಯುತ್ತದೆ. ಇದು 3, 5, 17, 257, 641, 65,537 ಮತ್ತು 67,00,417 ಎಂಬ ಏಳು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧ. ಒಂದೂ ಎರಡನೇ ಬಾರಿ ಬರುವುದಿಲ್ಲ.

ಆದರೆ ನಮಗೆ ಪಾಠವಾಗಬೇಕಾದ ಗುಣ ಬೇರೊಂದಿದೆ. ಯಾವ ಮನೆಯನ್ನೇ ತೆಗೆದುಕೊಳ್ಳಿ, ಅದರಲ್ಲಿರುವ ಕಾಳುಗಳು ಅದಕ್ಕಿಂತ ಹಿಂದಿನ ಎಲ್ಲ ಮನೆಗಳ ಒಟ್ಟು ಕಾಳುಗಳಿಗಿಂತ ಒಂದು ಹೆಚ್ಚು.

2019ರ ಜೂನ್ ತಿಂಗಳಲ್ಲಿ ಬೆಂಗಳೂರಿನ ಶಿವಾಜಿನಗರದಲ್ಲಿ ಹಲಾಲ್ ಲಾಭದ ಭರವಸೆ ನೀಡಿದ್ದ ಹೂಡಿಕೆ ಸಂಸ್ಥೆಯೊಂದು ಬಾಗಿಲು ಮುಚ್ಚಿದಾಗ, ದೂರು ಕೊಡಲು ಸಾವಿರಾರು ಮಂದಿ ಸಾಲುಗಟ್ಟಿ ನಿಂತರು. ಅವರಲ್ಲಿ ಬಹುಪಾಲು ನಮ್ಮ ಸಮುದಾಯದವರೇ. ಆ ಪ್ರಕರಣದ ತೀರ್ಪು ನ್ಯಾಯಾಲಯಕ್ಕೆ ಸೇರಿದ್ದು. ಆದರೆ ಅಂತಹ ಭರವಸೆಗಳನ್ನು ಅಳೆಯುವ ಲೆಕ್ಕ ನಮ್ಮ ಕೈಯಲ್ಲೇ ಇದೆ.

ವ್ಯಾಪಾರವಿಲ್ಲದೆ, ಹೊಸಬರ ಹಣದಿಂದಲೇ ಹಳಬರಿಗೆ ಲಾಭ ಹಂಚುವ ಯೋಜನೆಯೊಂದನ್ನು ಊಹಿಸಿಕೊಳ್ಳಿ. ಪ್ರತಿ ಸುತ್ತಿನಲ್ಲೂ ಸೇರುವವರು ಇಮ್ಮಡಿಯಾಗಬೇಕೆಂದಿರಲಿ. ಒಬ್ಬನಿಂದ ಆರಂಭವಾದರೆ 23ನೇ ಸುತ್ತಿಗೆ ಒಟ್ಟು 83,88,607 ಮಂದಿ ಸೇರಿರುತ್ತಾರೆ. 2011ರ ಜನಗಣತಿಯಂತೆ ಬೆಂಗಳೂರು ನಗರದ ಜನಸಂಖ್ಯೆ ಸುಮಾರು 84 ಲಕ್ಷ. 24ನೇ ಸುತ್ತಿಗೆ ಇನ್ನೊಂದು ಬೆಂಗಳೂರೇ ಬೇಕು! ಯೋಜನೆ ಎಲ್ಲಿಯೇ ಕುಸಿಯಲಿ, ಕೊನೆಯ ಸುತ್ತಿನವರ ಸಂಖ್ಯೆ ಹಿಂದಿನ ಎಲ್ಲರಿಗಿಂತ ಒಂದು ಹೆಚ್ಚಿರುತ್ತದೆ. ಅಂದರೆ ಸೇರಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬರಿಗೈಯಲ್ಲಿ ಉಳಿಯುತ್ತಾರೆ. ಇದು ದುರದೃಷ್ಟವಲ್ಲ, ಗಣಿತ.

ಪವಿತ್ರ ಕುರ್‌ಆನ್ ಆಲಿ ಇಮ್ರಾನ್ ಅಧ್ಯಾಯದ 130ನೇ ಸೂಕ್ತದಲ್ಲಿ ಇಮ್ಮಡಿ ಮುಮ್ಮಡಿಯಾಗಿ ಬೆಳೆಯುವ ಬಡ್ಡಿಯನ್ನು ನಿಷೇಧಿಸಿದೆ. ಅದೇ ಕುರ್‌ಆನ್ ಅಲ್ ಬಕರಃದ 261ನೇ ಸೂಕ್ತದಲ್ಲಿ ಒಂದು ಕಾಳು ಏಳು ತೆನೆಗಳಾಗಿ, ತೆನೆಗೆ ನೂರು ಕಾಳುಗಳಾಗುವ ಉಪಮೆಯನ್ನು ನೀಡುತ್ತದೆ. ಆದರೆ ಆ ವೃದ್ಧಿ ಅಲ್ಲಾಹನ ಮಾರ್ಗದಲ್ಲಿ ಖರ್ಚು ಮಾಡಿದವರಿಗೆ.

ಆದ್ದರಿಂದ ಸಹೋದರ ಸಹೋದರಿಯರೇ, ತಾಯಿಯ ಒಡವೆಯನ್ನೋ ಮಗಳ ನಿಕಾಹ್‌ಗೆ ಕೂಡಿಟ್ಟ ಹಣವನ್ನೋ ಯಾರ ಕೈಗಾದರೂ ಕೊಡುವ ಮುನ್ನ ಎರಡು ಪ್ರಶ್ನೆ ಕೇಳೋಣ: ಲಾಭ ಯಾವ ವ್ಯಾಪಾರದಿಂದ ಬರುತ್ತದೆ? ನಷ್ಟವಾದರೆ ಅದನ್ನು ಯಾರು ಹೊರುತ್ತಾರೆ? ನಷ್ಟವೇ ಇಲ್ಲವೆಂಬ ಉತ್ತರ ಬಂದರೆ ಅಲ್ಲಿಂದ ಎದ್ದು ಬರೋಣ. ‘ಹಲಾಲ್’ ಎಂಬ ಫಲಕ ಲೆಕ್ಕವನ್ನು ಬದಲಿಸಲಾರದು.

ನಮ್ಮ ಸಂಪಾದನೆಯನ್ನು ಅಲ್ಲಾಹನು ಶುದ್ಧಗೊಳಿಸಲಿ, ಅದರಲ್ಲಿ ಬರಕತ್ ನೀಡಲಿ. ಆಮೀನ್.