ಹಾಡನ್ನು ಆರಿಸುವ ನಾಡು

ಯೂರೋಪಿನ ಉತ್ತರದಲ್ಲಿ, ಬಾಲ್ಟಿಕ್ ಸಮುದ್ರದ ತೀರದಲ್ಲಿ, ಎಸ್ಟೋನಿಯವೆಂಬ ಚಿಕ್ಕ ದೇಶವೊಂದುಂಟು. ಅಲ್ಲಿಯ ಜನಸಂಖ್ಯೆ ಸುಮಾರು 13 ಲಕ್ಷ 70 ಸಾವಿರ ಮಾತ್ರ. ಯೂರೋವಿಷನ್ ಎಂಬ ಅಂತರರಾಷ್ಟ್ರೀಯ ಗೀತಸ್ಪರ್ಧೆಗೆ ಕಳುಹಿಸತಕ್ಕ ಹಾಡನ್ನು ಈ ನಾಡಿನವರು ಚಳಿಗಾಲದಲ್ಲಿ ಆರಿಸುವರು. ಒಂದು ಹಾಡಿನ ಆಯ್ಕೆ ಅಷ್ಟು ದೊಡ್ಡ ಕಾರ್ಯವೇ ಎಂದು ವಾಚಕರು ಕೇಳಬಹುದು. ಆ ನಾಡನ್ನು ಕಂಡವರಿಗೆ ಈ ಸಂದೇಹವು ಉಳಿಯಲಾರದು.

ರಾಜಧಾನಿಯಾದ ಟಾಲಿನ್ನಿನಲ್ಲಿ ಹಳೆಯ ಕೋಟೆಯನ್ನು ದಾಟಿ, ಕಡಲ ದಂಡೆಯನ್ನು ಹಿಡಿದು ಪೂರ್ವಕ್ಕೆ ಹೋದಾಗ ನಾವು ಗೀತೋತ್ಸವದ ಬಯಲನ್ನು ಕಂಡೆವು. ಇಳಿಜಾರಾದ ಹುಲ್ಲುನೆಲ; ಅದರ ತಗ್ಗಿನಲ್ಲಿ, 1960ರಲ್ಲಿ ಕಟ್ಟಿದ, ಚಿಪ್ಪಿನಂತೆ ಬಾಗಿದ ಮಹಾವೇದಿಕೆ. ಮೊದಲನೆಯ ಗೀತೋತ್ಸವವು 1869ರಲ್ಲಿ ಟಾರ್ಟು ಪಟ್ಟಣದಲ್ಲಿ ನಡೆದಿತ್ತು. ಸೋವಿಯತ್ ಆಳ್ವಿಕೆಯ ಕೊನೆಗಾಲದಲ್ಲಿ, 1988ರಲ್ಲಿ, ಜನರು ಟಾಲಿನ್ನಿನ ಈ ಬಯಲಿನಲ್ಲಿ ರಾತ್ರಿಗಳಲ್ಲಿ ನೆರೆದು ತಮ್ಮ ನುಡಿಯ ಹಾಡುಗಳನ್ನು ಹಾಡಿದರು. 1991ರ ಆಗಸ್ಟ್ 20ರಂದು ಸ್ವಾತಂತ್ರ್ಯವು ಮರಳಿ ಬಂದಿತು. ಆ ಚಳವಳಿಗೆ 'ಹಾಡುವ ಕ್ರಾಂತಿ' ಎಂದೇ ಹೆಸರು. ಇಂತಹವರಿಗೆ ಹಾಡಿನ ಆಯ್ಕೆಯು ಹಗುರವಾದುದಾಗುವುದೆಂತು?

2009ರಿಂದ ಈ ಆಯ್ಕೆಗೆ 'ಎಸ್ತಿ ಲೌಲ್', ಎಂದರೆ 'ಎಸ್ಟೋನಿಯದ ಹಾಡು', ಎಂಬ ಹೆಸರಿದೆ. ಮೊದಲು ಪರೀಕ್ಷಕರೂ ಪ್ರಜೆಗಳೂ ಕೂಡಿ ಹಾಡುಗಳನ್ನು ತೂಗುವರು. ಕಡೆಗೆ ಉಳಿದ ಎರಡು ಮೂರು ಹಾಡುಗಳಲ್ಲಿ ಒಂದನ್ನು ಪ್ರಜೆಗಳು ದೂರವಾಣಿಯ ಮೂಲಕ ಮತವಿತ್ತು ನಿಶ್ಚಯಿಸುವರು. ಆದರೆ ಮುಖ್ಯ ಸ್ಪರ್ಧೆಯಲ್ಲಿ ಯಾವ ದೇಶವೂ ತನ್ನ ಹಾಡಿಗೆ ತಾನೇ ಮತ ಕೊಡುವಂತಿಲ್ಲ. ಆರಿಸುವವರು ತಾವು, ಬೆಲೆ ಕಟ್ಟುವವರು ಪರರು. ಕಷ್ಟವಿರುವುದು ಇಲ್ಲಿಯೇ: ಹಾಡು ತಮ್ಮ ನುಡಿಯಲ್ಲಿದ್ದರೆ ಪರರಿಗೆ ತಿಳಿಯದು; ಪರರ ನುಡಿಯಲ್ಲಿದ್ದರೆ ಅದು ತಮ್ಮದೆಂದು ಹೇಳುವುದು ಹೇಗೆ?

1999ರಲ್ಲಿ ಸ್ವಭಾಷೆಯ ಕಟ್ಟಳೆಯು ತೊಲಗಿತು. 2001ರಲ್ಲಿ ಕೋಪನ್‌ಹೇಗನ್ನಿನಲ್ಲಿ ಎಸ್ಟೋನಿಯವು ಗೆದ್ದುದು ಇಂಗ್ಲಿಷ್ ಹಾಡಿನಿಂದ. 2004ರಲ್ಲಿ ದಕ್ಷಿಣಪ್ರಾಂತದ ವೋರೊ ನುಡಿಯ ಹಾಡನ್ನು ಕಳುಹಿಸಿದರು. ಅದು ಅಂತಿಮ ಸುತ್ತನ್ನು ಮುಟ್ಟಲಿಲ್ಲ. ಮುಂದಿನ ನಾಲ್ಕು ವರ್ಷಗಳೂ ಹಾಗೆಯೇ ಕಳೆದುವು. 2009ರಲ್ಲಿ 'ಪಥಿಕರು' ಎಂಬರ್ಥದ ಎಸ್ಟೋನಿಯನ್ ಹಾಡು ಆರನೆಯ ಸ್ಥಾನವನ್ನು ಪಡೆಯಿತು. ಅದೂ ತಮ್ಮನ್ನು ಹಿಂದೆ ಆಳಿದವರ ರಾಜಧಾನಿಯಾದ ಮಾಸ್ಕೋವಿನಲ್ಲಿ! 2012ರಲ್ಲಿ ಬಾಕುವಿನಲ್ಲಿ 'ಕೇಳು' ಎಂಬರ್ಥದ ಮತ್ತೊಂದು ಸ್ವಭಾಷೆಯ ಹಾಡಿಗೂ ಅದೇ ಸ್ಥಾನವು ಸಂದಿತು. ಆದರೆ 2025ರಲ್ಲಿ ಬಾಸೆಲ್ಲಿನಲ್ಲಿ ಮೂರನೆಯದಾಗಿ ನಿಂತುದು ಹಾಸ್ಯಕ್ಕಾಗಿ ಇಟಾಲಿಯನ್ ಮಾತುಗಳನ್ನು ಬೆರೆಸಿದ ಹಾಡು. ಆದುದರಿಂದ ಗೆಲುವಿಗೆ ಇದೇ ನುಡಿ ಬೇಕೆಂಬ ನಿಯಮವಿಲ್ಲ.

ನಮ್ಮ ಸಂಗೀತಶಾಸ್ತ್ರದಲ್ಲಿ ಹಾಡಿನ ನುಡಿಗೆ 'ಮಾತು' ಎಂದೂ ಗೇಯಾಂಶಕ್ಕೆ 'ಧಾತು' ಎಂದೂ ಹೆಸರು. ಎರಡನ್ನೂ ರಚಿಸಬಲ್ಲವನು ವಾಗ್ಗೇಯಕಾರ. ಧಾತುವಿಗೆ ದೇಶಗಳ ಎಲ್ಲೆಯಿಲ್ಲ. ಅರ್ಥವರಿಯದ ಕಿವಿಯನ್ನೂ ಅದು ಸೇರುವುದು. ಮಾತಾದರೋ ಆಡುವ ಜನರಿರುವವರೆಗೆ ಮಾತ್ರ ಬಾಳುವುದು. ಗೆಲುವಿನ ಕೀರ್ತಿ ಒಂದು ವರ್ಷದ್ದು. ನುಡಿಯಾದರೋ ದಿನದಿನದ ಅನ್ನ. ಎಣಿಕೆಗೆ ಸಿಕ್ಕುವಷ್ಟೇ ಮಂದಿ ಆಡುವ ನುಡಿಯೊಂದು ಕೋಟ್ಯಂತರ ಜನರು ಕೇಳುವ ವೇದಿಕೆಯಲ್ಲಿ ಮೂರು ನಿಮಿಷ ಮೊಳಗಿದರೆ, ಆ ನಾಡಿನ ಮನೆಗಳಲ್ಲಿ ಕುಳಿತು ಕೇಳುವ ಮಕ್ಕಳಿಗೆ ತಮ್ಮ ಮಾತು ಸಣ್ಣದೆಂಬ ಭಾವವು ಹುಟ್ಟದು. ಆರನೆಯ ಸ್ಥಾನಕ್ಕೆ ಇದಕ್ಕಿಂತ ಹೆಚ್ಚಿನ ಬಹುಮಾನವು ಬೇಕಿಲ್ಲವೆಂದೇ ನಮ್ಮ ಅಭಿಪ್ರಾಯ.