ಬಚ್ಚಿಡಲು ನಮ್ಮಲ್ಲಿ ಏನಿದೆ?

ಒಂದು ಸಿನಿಮಾ ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ಪತ್ರಿಕೆಗಳು ಬಿಡುಗಡೆಯಾದ ಮೂರು ದಿನಗಳಲ್ಲೇ ತೀರ್ಮಾನಿಸಿಬಿಡುತ್ತವೆ. ಅದು ಯಾರಿಗೆ ಏನನ್ನು ಮುಟ್ಟಿಸಿತು ಎಂಬುದು ಗೊತ್ತಾಗಲು ಕೆಲವೊಮ್ಮೆ ವರ್ಷಗಳೇ ಬೇಕಾಗುತ್ತವೆ. ಜನಾರ್ದನ್ ಚಿಕ್ಕಣ್ಣ ನಿರ್ದೇಶಿಸಿದ ‘ಗುಳ್ಟು’ ತೆರೆಗೆ ಬಂದದ್ದು 2018ರ ಮಾರ್ಚ್ 30ರಂದು. ಹೆಸರಾಂತ ತಾರೆಯರಿಲ್ಲ, ದೊಡ್ಡ ಬಂಡವಾಳವಿಲ್ಲ. ನಿರ್ದೇಶಕರಿಗೆ ಅದು ಮೊದಲ ಚಿತ್ರ. ನವೀನ್ ಶಂಕರ್ ನಾಯಕರಾಗಿ ಕಾಣಿಸಿಕೊಂಡದ್ದೂ ಅದರಲ್ಲೇ ಮೊದಲು. ಮೊದಲ ಭಾಗದಲ್ಲಿ ಪ್ರೇಮ, ಸ್ವಂತ ಕಂಪನಿ ಕಟ್ಟುವ ಕನಸು. ನಂತರ ಜನರ ಖಾಸಗಿ ಮಾಹಿತಿಯ ಕಳವು, ಪೊಲೀಸರ ಬೆನ್ನಟ್ಟುವಿಕೆ. ಕೊನೆಯ ತಿರುವನ್ನು ನಾವಿಲ್ಲಿ ಹೇಳುವುದಿಲ್ಲ.

ಚಿತ್ರದ ಅದೃಷ್ಟವೋ, ಕಾಲದ ದುರದೃಷ್ಟವೋ, ಅದು ಬಂದಾಗ ಜಗತ್ತೆಲ್ಲ ಇದೇ ವಿಷಯವನ್ನು ಮಾತಾಡುತ್ತಿತ್ತು. ಫೇಸ್‌ಬುಕ್ ಬಳಕೆದಾರರ ಮಾಹಿತಿ ಕೇಂಬ್ರಿಜ್ ಅನಾಲಿಟಿಕಾ ಎಂಬ ಸಂಸ್ಥೆಯ ಕೈಸೇರಿದ ಸುದ್ದಿ ಹೊರಬಿದ್ದು ಎರಡು ವಾರಗಳೂ ಆಗಿರಲಿಲ್ಲ. 8.7 ಕೋಟಿ ಜನರ ಮಾಹಿತಿ ಹೋಗಿರಬಹುದೆಂದು, ಅವರಲ್ಲಿ ಭಾರತೀಯರೇ ಸುಮಾರು 5.62 ಲಕ್ಷವೆಂದು ಆಮೇಲೆ ಫೇಸ್‌ಬುಕ್ಕೇ ಒಪ್ಪಿಕೊಂಡಿತು. ನಗರದ ಪ್ರೇಕ್ಷಕರಿಗೆ ‘ಗುಳ್ಟು’ ಅಂದಿನ ಸುದ್ದಿಯಂತೆಯೇ ಕಂಡಿರಬೇಕು.

ನಮ್ಮ ಕಡೆಗೆ ಅದು ನಿಧಾನವಾಗಿ ಬಂತು. ನಮ್ಮ ಕುಟುಂಬ ಕಡೂರು, ತರೀಕೆರೆ, ಅಜ್ಜಂಪುರ ಎಂಬ ಮೂರು ಊರುಗಳಲ್ಲಿ ಹಂಚಿಹೋಗಿದೆ. ನಾವಿರುವುದು ಕಡೂರಿನಲ್ಲಿ, ಆಪಾಳ ಮನೆ ತರೀಕೆರೆಯಲ್ಲಿ, ನಮ್ಮ ಮಾವನವರದು ಅಜ್ಜಂಪುರದಲ್ಲಿ. ಬೆಂಗಳೂರಿನ ಕಂಪನಿಯೊಂದರಲ್ಲಿ ದುಡಿಯುವ ಆಪಾಳ ಮಗ ಬಕ್ರೀದ್ ರಜೆಗೆ ಬಂದವನು ಚಿತ್ರವನ್ನು ಎಲ್ಲರಿಗೂ ತೋರಿಸಿದ. ಅಲ್ಲಿಂದ ಅದು ಒಂದು ಫೋನಿನಿಂದ ಇನ್ನೊಂದಕ್ಕೆ ಸುದ್ದಿಯಾಗುತ್ತ ಮೂರೂ ಊರುಗಳನ್ನು ಸುತ್ತಿತು. ಸಿನಿಮಾಗಿಂತ ಅದರ ಹಿಂದೆ ಬಂದ ಅಭಿಪ್ರಾಯಗಳೇ ನಮಗೆ ಹೆಚ್ಚು ಯೋಚನೆ ಹಚ್ಚಿದವು.

ತರೀಕೆರೆಯಲ್ಲಿ ಹನ್ನೊಂದು ಮಂದಿ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಕೂತು ನೋಡಿದೆವು. ಮೊದಲರ್ಧ ಹುಡುಗಿಯರಿಗೆ ಹಿಡಿಸಿತು, ಭಾವನವರಿಗೆ ನಿದ್ದೆ ತರಿಸಿತು. “ಹ್ಯಾಕಿಂಗ್ ಇಷ್ಟು ಸಲೀಸಲ್ಲ ಮಾಮು. ಆದರೂ ಫೈಟಿಲ್ಲದೆ, ಹೀರೋನ ಬಿಲ್ಡಪ್ ಇಲ್ಲದೆ ಕನ್ನಡದಲ್ಲಿ ಇಂಥದ್ದನ್ನ ಮಾಡಿದ್ದಾರಲ್ಲ, ಅದಕ್ಕೆ ಭೇಷ್ ಅನ್ನಬೇಕು” ಎಂದ ಅಳಿಯ. ದ್ವಿತೀಯಾರ್ಧಕ್ಕೆ ಎಚ್ಚೆತ್ತಿದ್ದ ಭಾವನವರ ತೀರ್ಪು ಬೇರೆ: “ಕದಿಯೋರು ದುಡ್ಡಿದ್ದೋರ ಹತ್ರ ಕದೀಲಿ. ಬಚ್ಚಿಡೋಕೆ ನಮ್ಮ ಹತ್ರ ಏನಿದೆ?” ಬಹುಪಾಲು ಜನ ತಲೆಯಾಡಿಸಿದರು.

ಆಪಾ ಮಾತ್ರ ಕೈಯನ್ನು ಮಡಿಲಲ್ಲಿಟ್ಟು ನೋಡಿಕೊಳ್ಳುತ್ತ ಹೇಳಿದಳು: “ಅಷ್ಟು ಜನರ ಗುಟ್ಟನ್ನೆಲ್ಲ ಕದಿಯೋಕೆ ಅವನಿಗೆ ಆಗುತ್ತೆ. ನನ್ನ ಬೆರಳು ನಂದೇ ಅಂತ ಒಪ್ಪೋಕೆ ಆ ಮಿಷನ್‌ಗೆ ಯಾಕೆ ಆಗಲ್ಲ?”

ಅವಳು ಇಪ್ಪತ್ತೈದು ವರ್ಷಗಳಿಂದ ಕಂಡವರ ಮನೆಯಂಗಳದಲ್ಲಿ ಅಡಿಕೆ ಸುಲಿದವಳು. ಬೆರಳ ಗೆರೆಗಳು ಸವೆದುಹೋಗಿವೆ. ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿ, ಒರೆಸಿ, ಮತ್ತೆ ಒತ್ತಿ, ಕೊನೆಗೆ ಅಕ್ಕಿಯಿಲ್ಲದೆ ಎರಡು ಸಲ ವಾಪಸು ಬಂದಿದ್ದಾಳೆ. ಯಂತ್ರ ಬೆರಳನ್ನು ಗುರುತಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಅರ್ಹರಿಗೆ ಪಡಿತರ ನಿರಾಕರಿಸಬಾರದು ಎಂದು ಕೇಂದ್ರದ ಆಹಾರ ಇಲಾಖೆ 2017ರಲ್ಲೇ ರಾಜ್ಯಗಳಿಗೆ ಸೂಚಿಸಿತ್ತು. ಆ ಮಾತನ್ನು ಆಪಾಳಿಗೆ ಯಾರೂ ಹೇಳಿರಲಿಲ್ಲ. ಅವಳ ಹೆಸರು, ಹುಟ್ಟಿದ ದಿನ, ಕಣ್ಣು, ಹತ್ತು ಬೆರಳು ಎಲ್ಲವೂ ಸರಕಾರಕ್ಕೆ ಗೊತ್ತು. ಅವಳಿಗಿರುವ ಹಕ್ಕು ಅವಳಿಗೆ ಗೊತ್ತಿಲ್ಲ. ಅಳಿಯ ಆ ಸೂಚನೆಯನ್ನು ಹುಡುಕಿ ಪ್ರಿಂಟ್ ತೆಗೆಸಿ ತಾಯಿಯ ಚೀಲದಲ್ಲಿಟ್ಟ. ಮುಂದಿನ ತಿಂಗಳು ಅಂಗಡಿಯವರು ಅವಳ ಹೆಸರನ್ನು ಪುಸ್ತಕದಲ್ಲಿ ಬರೆದುಕೊಂಡು ಅಕ್ಕಿ ಅಳೆದರು.

ಕಡೂರಿನಲ್ಲಿ ನಮಗೊಬ್ಬ ಗೆಳೆಯನಿದ್ದಾನೆ. ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದಾನೆ, ಆನ್‌ಲೈನ್ ಅರ್ಜಿಗಳನ್ನೂ ಹಾಕಿಕೊಡುತ್ತಾನೆ. ನಮ್ಮ ಮಾತು ಕೇಳಿ ಅವನೂ ಚಿತ್ರ ನೋಡಿದ. “ಇಷ್ಟು ಕಷ್ಟಪಟ್ಟು ಯಾಕೆ ಕದೀಬೇಕಿತ್ತು ಸಾರ್? ನನ್ನ ಅಂಗಡಿ ಕಸದಬುಟ್ಟಿ ಕೇಳಿದ್ದಿದ್ರೆ ನಾನೇ ಕೊಡ್ತಿದ್ದೆ” ಎಂದು ನಕ್ಕ. ಇದು ಬರೀ ನಗೆಯ ಮಾತಲ್ಲ. ನಾವು ಒಮ್ಮೆ ಸಂತೆಯಲ್ಲಿ ಕೊಂಡ ಕಡಲೆಕಾಯಿಯ ಪೊಟ್ಟಣ ಬಿಚ್ಚಿದರೆ ಯಾರೋ ಅಪರಿಚಿತ ಹೆಣ್ಣುಮಗಳ ಆಧಾರ್ ಪ್ರತಿ. ಅರ್ಧ ಮುಖ, ಪೂರ್ತಿ ನಂಬರು.

2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿ ಒಂದು ಎಚ್ಚರಿಕೆ ಹೊರಡಿಸಿತ್ತು. ಆಧಾರ್ ಪ್ರತಿಯನ್ನು ಕಂಡ ಕಂಡಲ್ಲಿ ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿ ಕೊಡಿ ಎಂದು. ಜನ ಗಾಬರಿಯಾದರು. ಎರಡೇ ದಿನಗಳಲ್ಲಿ, ಅದು ತಪ್ಪು ಅರ್ಥಕ್ಕೆ ಎಡೆಮಾಡಬಹುದೆಂದು ಹೇಳಿ ಸರಕಾರ ಅದನ್ನು ಹಿಂದೆಗೆದುಕೊಂಡಿತು. ಎಚ್ಚರಿಕೆ ಹೋಯಿತು, ಅಪಾಯ ಉಳಿಯಿತು. 2023ರಲ್ಲಿ ನಮ್ಮ ರಾಜ್ಯದಲ್ಲೇ, ಮಂಗಳೂರಿನ ಕಡೆಯೂ, ಆಸ್ತಿ ನೋಂದಣಿ ಮಾಡಿಸಿದವರ ಖಾತೆಗಳಿಂದ ಹಣ ಮಾಯವಾದ ದೂರುಗಳು ಬಂದವು. ಆಧಾರ್ ಮೂಲಕ ಹಣ ತೆಗೆಯುವ ಪದ್ಧತಿಯಲ್ಲಿ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಇದ್ದರೆ ಸಾಕು. ಪಿನ್ನೂ ಬೇಡ, ಒಟಿಪಿಯೂ ಬೇಡ. ನೋಂದಣಿ ಪತ್ರದಲ್ಲಿ ಹೆಬ್ಬೆಟ್ಟೂ ಇತ್ತು, ಆಧಾರ್ ಸಂಖ್ಯೆಯೂ ಇತ್ತು. ಸಿನಿಮಾದ ಕಳ್ಳನಿಗೆ ಬೇಕಾದ ಬುದ್ಧಿವಂತಿಕೆ ಇಲ್ಲಿ ಬೇಕಾಗಲೇ ಇಲ್ಲ.

ಅಜ್ಜಂಪುರದ ನಮ್ಮ ಮಾವನವರು ಉರ್ದು ಶಾಲೆಯ ನಿವೃತ್ತ ಮಾಸ್ತರರು. ಮೊಮ್ಮಗನ ಫೋನಿನಲ್ಲಿ, ಎರಡು ದಿನ ತೆಗೆದುಕೊಂಡು ಚಿತ್ರ ನೋಡಿ ಮುಗಿಸಿದ್ದರು. ಊರಲ್ಲಿ ಅಮೃತ ಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಮೈಸೂರು ಅರಸರ ಬೆಣ್ಣೆ ಚಾವಡಿಗೆ ಟಿಪ್ಪು ಸುಲ್ತಾನ್ ಇಟ್ಟ ಹೆಸರದು. ದನಗಳ ಕಿವಿಗೆ ಹಾಕುವ ಹಳದಿ ಬಿಲ್ಲೆಯನ್ನು ಈಗ ಜನ ‘ಪಶು ಆಧಾರ್’ ಎನ್ನುತ್ತಾರೆ. “ದನದ ನಂಬರಿಗೂ ಹನ್ನೆರಡು ಅಂಕಿ, ನನ್ನ ನಂಬರಿಗೂ ಹನ್ನೆರಡು ಅಂಕಿ. ಆದರೆ ದನವನ್ನು ಯಾರೂ ಕೇಳಲಿಲ್ಲ ಮಿಯಾ. ನನ್ನನ್ನು ಕೇಳಿದ್ದಾರೆ, ನಾನು ಸಹಿ ಹಾಕಿದ್ದೇನೆ. ಏನು ಬರೆದಿತ್ತು ಅಂತ ಮಾತ್ರ ಓದಲಿಲ್ಲ” ಎಂದರು.

ಭಾವನವರ ಪ್ರಶ್ನೆಯನ್ನು ನಾವು ಅವರ ಮುಂದಿಟ್ಟೆವು: ಬಚ್ಚಿಡಲು ಏನೂ ಇಲ್ಲದವರಿಗೆ ಭಯವೇಕೆ? ಅವರು ಬಾಗಿಲಿನ ಪರದೆ ತೋರಿಸಿದರು. ಅದರ ಹಿಂದೆ ಚಿನ್ನವೇನೂ ಇಲ್ಲ, ಒಲೆ ಇದೆ, ಒಂದು ಮಂಚ ಇದೆ. ಆದರೂ ಬಂದವರು ಕೇಳಿಯೇ ಒಳಗೆ ಬರುತ್ತಾರೆ. ಅನುಮತಿಯಿಲ್ಲದೆ ಬೇರೆಯವರ ಮನೆ ಹೊಗಬಾರದೆಂದು ಕುರ್‌ಆನಿನ ‘ನೂರ್’ ಅಧ್ಯಾಯ ಕಲಿಸುತ್ತದೆ. ಇನ್ನೊಬ್ಬರ ಗುಟ್ಟನ್ನು ಕೆದಕುವುದನ್ನು ‘ಹುಜುರಾತ್’ ಅಧ್ಯಾಯ ನಿಷೇಧಿಸುತ್ತದೆ. ಮೂರು ಸಲ ಕೇಳಿಯೂ ಉತ್ತರ ಬಾರದಿದ್ದರೆ ಮರಳಿ ಹೋಗಬೇಕೆಂಬುದು ಪ್ರವಾದಿಯವರ (ಸ) ಶಿಕ್ಷಣ. ಬಡವರ ಗುಡಿಸಲಿಗೊಂದು, ಶ್ರೀಮಂತರ ಬಂಗಲೆಗೊಂದು ಎಂಬ ಭೇದ ಅಲ್ಲಿಲ್ಲ. ನಮ್ಮ ನೆರೆಯ ಹಿಂದೂ ಮನೆಗಳಲ್ಲೂ ಹೊಸ್ತಿಲ ಆಚೆ ನಿಂತು ಕೂಗಿ ಕರೆಯುವ ರೂಢಿಯೇ ಇರುವುದು.

ಹೊಸ್ತಿಲ ಈ ಮರ್ಯಾದೆಗೆ ಕಾನೂನಿನ ಬಲ ತಂದುಕೊಟ್ಟವರು ನಮ್ಮದೇ ರಾಜ್ಯದ ಹಿರಿಯರು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದರು. ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಮರುವರ್ಷ ಸೆಪ್ಟೆಂಬರ್ 26ರ ತೀರ್ಪು ಆಧಾರ್ ಕಾಯ್ದೆಯ ಹೆಚ್ಚಿನ ಭಾಗವನ್ನು ಎತ್ತಿಹಿಡಿಯಿತಾದರೂ ಸಿಮ್‌ಗೆ, ಬ್ಯಾಂಕ್ ಖಾತೆಗೆ, ಶಾಲಾ ಪ್ರವೇಶಕ್ಕೆ ಅದನ್ನು ಕಡ್ಡಾಯ ಮಾಡುವಂತಿಲ್ಲ ಎಂದಿತು. 2019ರ ತಿದ್ದುಪಡಿಯ ನಂತರ ಸಿಮ್‌ಗೂ ಖಾತೆಗೂ ಇಷ್ಟವಿದ್ದವರು ಕೊಡಬಹುದು. ಆದರೆ ಕೌಂಟರಿನ ಈಚೆ ನಿಂತವರಿಗೆ ‘ಇಷ್ಟ’ ಎಂಬುದಿದೆ ಎಂದು ಕೌಂಟರಿನ ಆಚೆಯವರು ಹೇಳುವುದು ಅಪರೂಪ. ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ 98ರ ವಯಸ್ಸಿನಲ್ಲಿ ತೀರಿಕೊಂಡರು. ನಮ್ಮ ಮೂರೂ ಊರುಗಳಲ್ಲಿ ಎಷ್ಟು ಮಂದಿಗೆ ಅವರ ಹೆಸರು ಗೊತ್ತಿದ್ದೀತು?

ಆಧಾರ್‌ನಿಂದ ಒಳ್ಳೆಯದೇನೂ ಆಗಿಲ್ಲವೆಂಬುದು ನಮ್ಮ ವಾದವಲ್ಲ. ವಿಧವಾ ವೇತನ, ವಿದ್ಯಾರ್ಥಿವೇತನ ನೇರವಾಗಿ ಖಾತೆಗೆ ಬಂದು ಮಧ್ಯವರ್ತಿಯ ಕೈ ತಪ್ಪಿದ್ದನ್ನು ನಾವೂ ಕಂಡಿದ್ದೇವೆ. ನಮ್ಮ ತಕರಾರು ಬೇರೆ. ಮಾಹಿತಿ ಕಳವಾದರೆ ಓದಿದವರು ವಕೀಲರ ಹತ್ತಿರ ಹೋಗಬಲ್ಲರು, ಬ್ಯಾಂಕಿಗೆ ಪತ್ರ ಬರೆಯಬಲ್ಲರು. ಬಚ್ಚಿಡಲು ಏನೂ ಇಲ್ಲವೆಂದುಕೊಂಡವರಿಗೆ ಕಳೆದುಕೊಳ್ಳಲು ಇರುವುದು ತಿಂಗಳ ಅಕ್ಕಿ, ಕೂಲಿಯಿಂದ ಉಳಿಸಿದ ನಾಲ್ಕು ಸಾವಿರ ರೂಪಾಯಿ. ಅದು ಹೋದರೆ ಎಲ್ಲವೂ ಹೋದಂತೆಯೇ.

ಆದ್ದರಿಂದ ‘ಗುಳ್ಟು’ವಿನ ಬಗ್ಗೆ ನಮ್ಮ ಅಭಿಪ್ರಾಯವನ್ನೂ ಹೇಳಿಬಿಡುತ್ತೇವೆ. ಮೊದಲರ್ಧ ತುಸು ಉದ್ದವಾಯಿತು. ಆದರೂ ಅದು ನೋಡಬೇಕಾದ ಚಿತ್ರ, ಮನೆಮಂದಿಯೆಲ್ಲ ಕೂತು ನೋಡಿ ಆಮೇಲೆ ಮಾತಾಡಬೇಕಾದ ಚಿತ್ರ. ಮಾತು ಮುಗಿದ ಮೇಲೆ ಮಾಡಬೇಕಾದ ಒಂದೆರಡು ಕೆಲಸಗಳಿವೆ. ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯ ಆಧಾರ್‌ನಲ್ಲೇ ಇದೆ, ಮನೆಯ ಓದಿದ ಮಕ್ಕಳು ಹಿರಿಯರಿಗೆ ಅದನ್ನು ಮಾಡಿಕೊಡಲಿ. ಬೇಕಾದಾಗ ತೆರೆಯುವುದನ್ನೂ ಕಲಿಸಲಿ. ಪ್ರತಿ ಕೊಡುವಾಗ ಅದರ ಮೇಲೆ ಯಾವ ಕೆಲಸಕ್ಕೆ, ಯಾವ ದಿನ ಎಂದು ಬರೆದು ಸಹಿ ಮಾಡಲಿ. ಮುಖ್ಯವಾಗಿ, ಇದು ನಿಮಗೆ ಯಾಕೆ ಬೇಕು ಎಂದು ಕೌಂಟರಿನಲ್ಲಿ ಒಂದು ಸಲ ಕೇಳುವುದನ್ನು ಎಲ್ಲರೂ ರೂಢಿಸಿಕೊಳ್ಳಲಿ. ಹಾಗೆ ಕೇಳಿದರೆ ನಮ್ಮ ಊರುಗಳಲ್ಲಿ ಜಗಳಗಂಟರೆನ್ನುತ್ತಾರೆ, ಅನ್ನಲಿ.